ಕಂಡ ಮೇಲೆ ಓಡಿದ ಜಿಂಕೆಗಳು

ಒಂದು ಕಾಡಿನಲ್ಲಿ, ಎಲ್ಲರಿಗಿಂತ ಮೇಲೆ ಕೂತು ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದ ಒಂದು ಹೆಣ್ಣು ಮುಸುವ ಇತ್ತು. ಹೆಸರು ಮಾಳವ್ವ. ಕಪ್ಪು ಮುಖ, ಬೂದಿ ಬಣ್ಣದ ಮೈ, ಮೈಗಿಂತ ಉದ್ದನೆಯ ಬಾಲ. ಹುಲ್ಲುಬಯಲಿನ ಅಂಚಿನಲ್ಲಿ ಒಂದು ಎತ್ತರದ ಮತ್ತಿ ಮರವಿತ್ತು. ಅದರ ತುದಿಯಲ್ಲಿ ಕೂತು ಸುತ್ತಲೂ ನೋಡುವುದು ಅವಳ ಕೆಲಸ. ಹುಲಿ ಕಂಡರೆ, ಸೀಳುನಾಯಿ ಕಂಡರೆ, 'ಖಕ್! ಖಕ್!' ಎಂದು ಕೂಗುತ್ತಿದ್ದಳು. ಮರದ ಕೆಳಗೆ ಮೇಯುತ್ತಿದ್ದ ಚುಕ್ಕೆ ಜಿಂಕೆಗಳಿಗೆ ಆ ಕೂಗೇ ಕಾವಲು. ಅವಳು ತಿಂದು ಬೀಳಿಸಿದ ಚಿಗುರು, ಹಣ್ಣು ಕೂಡ ಅವುಗಳಿಗೇ. ಹಿಂಡಿನಲ್ಲಿದ್ದ ಹೊನ್ನಿ ಎಂಬ ಜಿಂಕೆ ಮಾಳವ್ವನಿಗೆ ಜೀವದ ಗೆಳತಿ. ಹೊನ್ನಿಗೆ ಆ ವರ್ಷ ಹುಟ್ಟಿದ ಒಂದು ಪುಟ್ಟ ಮರಿಯೂ ಇತ್ತು.

ಈ ಜಿಂಕೆಗಳದೊಂದು ಪದ್ಧತಿ ಇತ್ತು. ಕೂಗು ಕೇಳಿದ ಕೂಡಲೇ ಅವು ಓಡುತ್ತಿರಲಿಲ್ಲ. ಬಾಲ ಎತ್ತುತ್ತಿದ್ದವು. ಮುಂಗಾಲಿನಿಂದ ನೆಲಕ್ಕೆ ಒದೆಯುತ್ತಿದ್ದವು. ಕತ್ತು ಚಾಚಿ ಕಣ್ಣು ಮಿಟುಕಿಸದೆ ನೋಡುತ್ತಿದ್ದವು. ಕಂಡ ಮೇಲೆಯೇ ಓಟ. ಹುಲಿಯ ಮಟ್ಟಿಗೆ ಇದು ಒಳ್ಳೆಯ ಬುದ್ಧಿಯೇ. ಎಲ್ಲಿದೆ ಎಂದು ತಿಳಿಯದೆ ಓಡಿದರೆ ಹೋಗಿ ಅದರ ಬಾಯಿಗೇ ಬೀಳಬಹುದು. ಅದೂ ಅಲ್ಲದೆ, ತನ್ನನ್ನು ನೋಡಿಬಿಟ್ಟರು ಎಂದು ಗೊತ್ತಾದರೆ ಹುಲಿ ಮುಖ ಸಪ್ಪಗೆ ಮಾಡಿಕೊಂಡು ವಾಪಸು ಹೋಗುತ್ತದೆ.

"ಮೊದಲು ಕಣ್ಣು, ಆಮೇಲೆ ಕಾಲು. ನಮ್ಮ ತಾತ ಮುತ್ತಾತಂದಿರು ಹೀಗೇ ಬದುಕಿದ್ದು," ಎಂದು ಹಿಂಡಿನ ಯಜಮಾನ ಕವಲಯ್ಯ ತನ್ನ ಕವಲುಗೊಂಬನ್ನು ಆಡಿಸುತ್ತ ಹೇಳುತ್ತಿದ್ದ.

ಆದರೆ ಆ ಬೇಸಿಗೆಯಲ್ಲಿ ಕಾಡಿಗೆ ಬಂದದ್ದು ಹುಲಿಯಲ್ಲ, ಸುಂಟರಗಾಳಿ. ಮೋಡದಿಂದ ನೆಲದವರೆಗೆ ಒನಕೆಯಂತೆ ನೆಟ್ಟಗೆ ನಿಂತು, ಗಿರಗಿರನೆ ತಿರುಗುತ್ತ, ದಾರಿಯಲ್ಲಿ ಸಿಕ್ಕ ಮರವನ್ನೆಲ್ಲ ಬುಡಸಮೇತ ಕಿತ್ತು ಎಸೆಯುವ ಗಾಳಿ. ಅದು ಬಂದರೆ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ಜಾಗ, ಬಯಲಿನ ಪಕ್ಕದ ಹಳ್ಳದ ದಂಡೆಯ ಕಲ್ಲುಗವಿ. ಇಡೀ ಹಿಂಡು ಮೈಗೆ ಮೈ ತಾಗಿಸಿ ನಿಂತರೆ ಹಿಡಿಸುವಷ್ಟು ದೊಡ್ಡದು. ಬಾಯಿ ಮಾತ್ರ ಚಿಕ್ಕದು. ಒಳಗೆ ಹೋಗಬೇಕಾದರೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು.

ಮೊದಲ ಸಲ ಗಾಳಿ ಕಂಡಾಗ ಮಾಳವ್ವ ಕೂಗಿದಳು. ಜಿಂಕೆಗಳು ಗೊಣಗುತ್ತ ಗವಿಗೆ ಹೋದವು. ಗಾಳಿ ಅರ್ಧ ದಾರಿಯಲ್ಲಿ ತಿರುಗಿ ಬಿದಿರುಮೆಳೆಯ ಕಡೆಗೆ ಹೋಯಿತು. ಇನ್ನೊಂದು ಸಲವೂ ಹಾಗೆಯೇ ಆಯಿತು.

"ಎಲ್ಲಮ್ಮಾ ನಿನ್ನ ಗಾಳಿ?" ಎಂದು ಕವಲಯ್ಯ ಗವಿಯಿಂದ ಹೊರಗೆ ಬಂದವನೇ ಕೇಳಿದ.

"ಆ ಕಡೆ ಹೋಯ್ತು ಕಣಪ್ಪ."

"ಆ ಕಡೆ ಹೋಗೋದಾದ್ರೆ ಇಲ್ಲಿ ಯಾಕೆ ಕೂಗಿದೆ?"

"ಅದೇನು ನನಗೆ ಹೇಳಿ ಕಳಿಸಿ ಹೊರಡುತ್ತಾ? ಈ ಕಡೆ ಬರ್ತಿತ್ತು, ಕೂಗಿದೆ. ತಿರುಗಿಕೊಳ್ತು, ನೀವು ಉಳಿದ್ರಿ. ಸಂತೋಷ ಪಡೋದು ಬಿಟ್ಟು ನನ್ನನ್ನೇ ಬೈತೀರಲ್ಲ!"

"ಮೇವು ಹಾಳಾಯ್ತು," ಎಂದಿತು ಒಂದು ಜಿಂಕೆ. "ಕಾಲು ನೋವು ಬಂತು," ಎಂದಿತು ಇನ್ನೊಂದು. ಮಾಳವ್ವ ತಲೆ ಚಚ್ಚಿಕೊಂಡು ಮರ ಹತ್ತಿದಳು. ಗಾಳಿ ಬಂದು ಇವರ ಮೇಲೆ ಬೀಳಲಿಲ್ಲ ಎಂದು ಇವರಿಗೆ ಸಿಟ್ಟು! ಇಂಥವರಿಗೆ ಏನು ಹೇಳುವುದು?

ಅವರಿಗಿಂತ ಹೆಚ್ಚು ಸಿಟ್ಟು ಬಂದಿದ್ದವನು ಇನ್ನೊಬ್ಬನಿದ್ದ. ಅವನು ಸೋಗಪ್ಪ ಎಂಬ ನರಿ. ಆ ಗವಿಯ ಮೂಲೆಯಲ್ಲಿ ಅವನು ಕದ್ದು ತಂದ ಮಾಂಸವನ್ನು ಬಚ್ಚಿಡುತ್ತಿದ್ದ. ತಣ್ಣಗಿನ ಕಲ್ಲಿನ ಮೇಲೆ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದ. ಎರಡು ಸಲ ಹಿಂಡು ನುಗ್ಗಿ ಅವನ ಗಂಟನ್ನೆಲ್ಲ ಗೊರಸಿನಡಿ ಹಾಕಿ ತುಳಿದಿತ್ತು. 'ಇವರು ಇನ್ನೊಂದು ಸಲ ಇತ್ತ ತಲೆ ಹಾಕಬಾರದು. ಹಾಗೆ ಮಾಡ್ತೀನಿ,' ಎಂದು ಅವನು ಹಲ್ಲು ಕಡಿದ.

ಹಳ್ಳದ ಆಚೆ ಚಿರತೆಯೊಂದು ಉಚ್ಚೆ ಹೊಯ್ದು ಗುರುತು ಮಾಡಿದ್ದ ಜಾಗವಿತ್ತು. ಸೋಗಪ್ಪ ಅಲ್ಲಿಗೆ ಹೋಗಿ ಚೆನ್ನಾಗಿ ಹೊರಳಾಡಿದ. ಬಂದು ಗವಿಯ ಬಾಯಿಯ ಕಲ್ಲುಗಳಿಗೆ ಮೈ ಉಜ್ಜಿದ. ಮತ್ತೆ ಹೋದ, ಮತ್ತೆ ಹೊರಳಾಡಿದ, ಮತ್ತೆ ಬಂದು ಉಜ್ಜಿದ. ಆ ನಾತಕ್ಕೆ ಅವನ ಕಣ್ಣಲ್ಲೇ ನೀರು ಬಂತು. ಆಮೇಲೆ ಹಳ್ಳದಲ್ಲಿ ಮುಳುಗಿ ಮೈ ತೊಳೆದುಕೊಂಡು, ಮುಖದಲ್ಲಿ ಎಲ್ಲಿಲ್ಲದ ಕಳಕಳಿ ತಂದುಕೊಂಡು ಜಿಂಕೆಗಳ ಹತ್ತಿರ ಬಂದ.

"ಯಜಮಾನರೇ, ನನಗ್ಯಾಕೆ ಊರ ಉಸಾಬರಿ ಅಂದ್ಕೊಂಡೆ. ಆದ್ರೂ ಮನಸ್ಸು ತಡೆಯಲಿಲ್ಲ. ಗವಿಯಲ್ಲಿ ಚಿರತೆ ಬಂದು ಸೇರ್ಕೊಂಡಿದೆ. ಮಕ್ಕಳುಮರಿ ಇರೋರು, ಆ ಕಡೆ ಹೋಗಬೇಡಿ."

ಕವಲಯ್ಯ ಹೋಗಿ ದೂರದಿಂದ ಮೂಸಿ ನೋಡಿದ. ಮೈಯ ಕೂದಲೆಲ್ಲ ನಿಂತಿತು. ನಿಜ, ಚಿರತೆಯದೇ ವಾಸನೆ!

ಮಾಳವ್ವ ಮರದಿಂದ ಕೂಗಿ ಹೇಳಿದಳು, "ಅಯ್ಯೋ, ಚಿರತೆನೂ ಇಲ್ಲ, ಗಿರತೆನೂ ಇಲ್ಲ! ಈ ನರಿ ಗವಿಯ ಕಲ್ಲಿಗೆ ಮೈ ಉಜ್ಜುತ್ತಿದ್ದದ್ದನ್ನು ನಾನೇ ನೋಡ್ದೆ. ಬೆನ್ನು ಕೆರೆದುಕೊಳ್ತಿದಾನೆ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು ಇವನ ಕಿತಾಪತಿ."

"ಮಾಳವ್ವ, ನಿನ್ನ ಕಣ್ಣು ನಿನಗೆ, ನಮ್ಮ ಮೂಗು ನಮಗೆ," ಎಂದ ಕವಲಯ್ಯ. "ಗಾಳಿ ಬರುತ್ತೆ ಅಂತ ಎರಡು ಸಲ ಹೇಳ್ದೆ, ಬರಲಿಲ್ಲ. ಚಿರತೆ ಇಲ್ಲ ಅಂತ ಈಗ ಹೇಳ್ತಿದೀಯ. ನಂಬೋಕಾಗುತ್ತಾ?"

ಸೋಗಪ್ಪ ಮೀಸೆಯಡಿಯಲ್ಲೇ ನಕ್ಕ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಕಾಡಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಸೆಖೆ ಎಂದರೆ ಸೆಖೆ. ಪಡುವಣದ ಆಕಾಶ ಹಸಿರುಗಪ್ಪಾಗಿತ್ತು. ಮಾಳವ್ವ ಮತ್ತಿ ಮರದ ತುತ್ತತುದಿಗೆ ಹೋಗಿ ನೋಡಿದಳು. ಗುಡ್ಡದ ಆಚೆ, ಕೆರೆಯ ಹತ್ತಿರ, ಕರಿಯ ಸುಂಟರಗಾಳಿ ಎದ್ದು ನಿಂತಿತ್ತು. ದೊಡ್ಡ ದೊಡ್ಡ ಮರಗಳು ತರಗೆಲೆಗಳಂತೆ ಅದರ ಸುತ್ತ ಹಾರುತ್ತಿದ್ದವು. ಅದು ನೇರವಾಗಿ ಹುಲ್ಲುಬಯಲಿನ ಕಡೆಗೇ ಬರುತ್ತಿತ್ತು.

"ಖಕ್! ಖಕ್! ಖಕ್!" ಎಂದು ಮಾಳವ್ವ ಗಂಟಲು ಹರಿಯುವಂತೆ ಕೂಗಿದಳು.

ಅವಳ ಬಳಗದ ಮುಸುವಗಳು ಮರುಮಾತಿಲ್ಲದೆ ಧಡಧಡ ಇಳಿದು ಹಳ್ಳದ ಬಂಡೆಗಳ ಸಂದಿಗೆ ಸೇರಿಕೊಂಡವು. ಜಿಂಕೆಗಳು? ಅವು ಬಾಲ ಎತ್ತಿದವು. ಮುಂಗಾಲಿನಿಂದ ನೆಲಕ್ಕೆ ಒದ್ದವು. ಕತ್ತು ಚಾಚಿ ನೋಡತೊಡಗಿದವು.

"ನೋಡ್ತಾ ನಿಲ್ಲಬೇಡ್ರೋ! ಗಾಳಿ! ಗವಿಗೆ ಓಡಿ!"

"ಎಲ್ಲಿದೆ?" ಎಂದ ಕವಲಯ್ಯ.

"ಗುಡ್ಡದ ಆಚೆ."

"ನಮಗೆ ಕಾಣ್ತಿಲ್ಲವಲ್ಲ."

"ಗುಡ್ಡ ಅಡ್ಡ ಇದೆಯಲ್ಲಪ್ಪ, ಹೇಗೆ ಕಾಣುತ್ತೆ? ಅದಕ್ಕೇ ಅಲ್ವಾ ನಾನು ಮೇಲೆ ಕೂತಿರೋದು!"

"ಗುಡ್ಡ ಅಡ್ಡ ಇದೆ ಅಂದ್ಮೇಲೆ ಗಾಳಿಯನ್ನೂ ತಡೆಯುತ್ತೆ ಬಿಡಿ," ಎಂದ ಸೋಗಪ್ಪ ಪೊದೆಯ ಮರೆಯಿಂದ. "ಗುಡ್ಡ ದಾಟಿ ಬಂದ ಸುಂಟರಗಾಳಿ ನನ್ನ ಜನ್ಮದಲ್ಲಿ ನೋಡಿಲ್ಲ. ಅಲ್ಲದೆ ಗವಿಯಲ್ಲಿ ಚಿರತೆ. ಮರೀಬೇಡಿ." ಗಾಳಿ ಬಂದರೆ ಗವಿ ತನಗೊಬ್ಬನಿಗೇ ಇರಲಿ ಎಂಬುದು ಅವನ ಲೆಕ್ಕಾಚಾರ. ಬಂದದ್ದು ಕಂಡ ಮೇಲೆ ನಾಲ್ಕು ಹಾರು ಹಾರಿ ಒಳಗೆ ಸೇರಿಕೊಂಡರಾಯಿತು ಎಂದು ಅವನೂ ಅಲ್ಲೇ ನಿಂತಿದ್ದ.

ಜಿಂಕೆಗಳು ಒಂದರ ಮುಖ ಒಂದು ನೋಡಿಕೊಂಡವು. "ನೀನು ಹೋಗ್ತೀಯಾ?" "ನೀನು ಹೋದ್ರೆ ನಾನೂ ಬರ್ತೀನಿ." "ಅವಳು ಹೋಗ್ತಾಳಾ ಕೇಳು." ಯಾರೂ ಕಾಲು ಕೀಳಲಿಲ್ಲ. ಮಾಳವ್ವನಿಗೆ ಒಬ್ಬೊಬ್ಬರ ಕಿವಿಯನ್ನೂ ಹಿಡಿದು ತಿರುಚಬೇಕು ಎನ್ನಿಸಿತು. ಅವಳು ಮರದಿಂದ ನೆಲಕ್ಕೆ ಜಿಗಿದಳು. ಎಲ್ಲರ ಎದುರಿನಲ್ಲೇ ಓಡಿಹೋಗಿ ಗವಿಯೊಳಗೆ ನುಗ್ಗಿ, ನಡುವಿನಲ್ಲಿ ಕೂತು ಕೂಗಿದಳು.

"ನೋಡ್ರಿ, ಇಲ್ಲಿ ಕೂತಿದೀನಿ! ಯಾವ ಚಿರತೆ ನನ್ನನ್ನ ತಿಂತು?"

"ಅದಕ್ಕೆ ಹೊಟ್ಟೆ ತುಂಬಿರಬೇಕು ಪಾಪ," ಎಂದ ಸೋಗಪ್ಪ.

ಹೊನ್ನಿಗೆ ಮಾತ್ರ ಗೆಳತಿಯ ಮೇಲೆ ನಂಬಿಕೆ ಬಂತು. ಮರಿಯನ್ನು ಮೂತಿಯಿಂದ ತಳ್ಳಿಕೊಂಡು ಗವಿಯ ಬಾಯಿಗೆ ಬಂದಳು. ಅವಳ ಹಿಂದೆ ಇನ್ನೂ ಕೆಲವು ಹೆಣ್ಣು ಜಿಂಕೆಗಳು ಬಂದವು. ಚಿರತೆಯ ನಾತ ಮೂಗಿಗೆ ಹೊಡೆದರೂ ಕಣ್ಣು ಮುಚ್ಚಿ ಒಳಗೆ ನುಗ್ಗಿದವು. ಹೊನ್ನಿ ಮರಿಯನ್ನು ಒಳಗೆ ದೂಡಿ, ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ತಿರುಗಿ ನೋಡಿದಳು.

"ಅವರೆಲ್ಲ ಅಲ್ಲೇ ನಿಂತಿದಾರಲ್ಲ ಮಾಳಕ್ಕ. ನಮ್ಮಮ್ಮ, ತಂಗಿಯರು ಎಲ್ಲಾ ಅಲ್ಲೇ."

"ಇರಲಿ ಬಾ. ನೀನು ಮೊದಲು ಒಳಗೆ ಬಾ."

"ನೀನು ಹೇಳಿದ್ರೆ ಅವರು ಕೇಳಲ್ಲ. ನಾನು ಹೇಳ್ತೀನಿ. ಹೀಗೆ ಹೋಗಿ ಹಾಗೆ ಕರ್ಕೊಂಡು ಬಂದುಬಿಡ್ತೀನಿ."

"ಹೊನ್ನೀ, ಹೋಗಬೇಡ್ವೇ! ಹೊತ್ತಿಲ್ಲ!" ಮಾಳವ್ವ ಅವಳ ಕಿವಿ ಹಿಡಿದು ಎಳೆದಳು. ಹೊನ್ನಿ ಕೊಡವಿಕೊಂಡು ಓಡಿಯೇಬಿಟ್ಟಳು.

ಹೊನ್ನಿ ಹಿಂಡನ್ನು ಮುಟ್ಟುವುದಕ್ಕೂ ಗಾಳಿ ಗುಡ್ಡದ ನೆತ್ತಿಗೆ ಬರುವುದಕ್ಕೂ ಸರಿಹೋಯಿತು. ಗುಡ್ಡ ಅದನ್ನು ತಡೆಯಲಿಲ್ಲ, ಗಿಡ್ಡವೂ ತಡೆಯಲಿಲ್ಲ. ಈಗ ಎಲ್ಲರಿಗೂ ಚೆನ್ನಾಗಿ ಕಂಡಿತು. ಆಕಾಶದುದ್ದದ ಕರಿಗಾಳಿ ಭೋರೆಂದು ಇಳಿದು ಬರುತ್ತಿತ್ತು.

"ಕಂಡಿತು! ಓಡಿ!" ಎಂದು ಕವಲಯ್ಯ ಕೂಗಿದ. ತಾತ ಮುತ್ತಾತಂದಿರ ಪದ್ಧತಿಗೆ ಒಂದಿಷ್ಟೂ ಲೋಪವಾಗಲಿಲ್ಲ. ಆದರೆ ಕಂಡ ಹುಲಿ ನಾಚಿಕೊಂಡು ಹಿಂದಕ್ಕೆ ಹೋಗುತ್ತದೆ, ಕಂಡ ಗಾಳಿ ಹೋಗುತ್ತದೆಯೇ?

ಇಡೀ ಹಿಂಡು ಒಮ್ಮೆಲೇ ಗವಿಯ ಕಡೆ ನುಗ್ಗಿತು. ಮುಂದಿದ್ದ ಜಿಂಕೆಗಳಿಗೆ ಗವಿಯ ಬಾಯಲ್ಲಿ ಚಿರತೆಯ ವಾಸನೆ ಹೊಡೆಯಿತು. ಅವು ಗಕ್ಕನೆ ನಿಂತವು. ಹಿಂದಿನವು ಬಂದು ಮುಂದಿನವುಗಳ ಮೇಲೆ ಬಿದ್ದವು. ಯಾರೂ ಒಳಗೆ ಹೋಗುವಂತಿಲ್ಲ, ಯಾರೂ ಹಿಂದೆ ಸರಿಯುವಂತಿಲ್ಲ. ಮಾಳವ್ವ ಒಳಗಿನಿಂದ ಕೈಗೆ ಸಿಕ್ಕಿದವರ ಕಿವಿ, ಕೊಂಬು, ಕತ್ತು ಹಿಡಿದು ಎಳೆದೆಳೆದು ಹಾಕುತ್ತಿದ್ದಳು. ಅಳುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು.

ಸೋಗಪ್ಪನೂ ಓಡಿ ಬಂದಿದ್ದ. ಆದರೆ ಅವನ ಗವಿಗೆ ಅವನಿಗೇ ದಾರಿ ಇರಲಿಲ್ಲ. ಕಾಲುಗಳ ನಡುವೆ ತೂರಲು ನೋಡಿದ, ಆಗಲಿಲ್ಲ. "ಒಳಗೆ ಚಿರತೆ ಇಲ್ಲ! ಆ ವಾಸನೆ ನಾನೇ ತಂದು ಹಚ್ಚಿದ್ದು! ಮುಂದೆ ಹೋಗಿ, ನನಗೆ ದಾರಿ ಬಿಡಿ!" ಎಂದು ಅರಚಿದ. ಹುಟ್ಟಿದಂದಿನಿಂದ ಅವನು ಆಡಿದ ನಿಜವಾದ ಮಾತು ಅದೊಂದೇ ಇರಬೇಕು. ಗಾಳಿಯ ಆರ್ಭಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಬೆದರಿದ ಜಿಂಕೆಗಳ ಗೊರಸುಗಳ ಕೆಳಗೆ ಬಿದ್ದ ಸೋಗಪ್ಪ ಮತ್ತೆ ಏಳಲಿಲ್ಲ.

ಆಮೇಲೆ ಗಾಳಿ ಬಂತು. ಬಂದಷ್ಟೇ ಬೇಗ ಹೋಯಿತು.

ಮಾಳವ್ವ ಹೊರಗೆ ಬಂದು ನೋಡಿದಳು. ಅವಳ ಮತ್ತಿ ಮರ ಇರಲಿಲ್ಲ. ಬಯಲಿನ ತುಂಬ ಜಿಂಕೆಗಳು ಬಿದ್ದಿದ್ದವು. ಹಿಂಡಿನಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ. ಹೊನ್ನಿ ಹಿಂಡಿನ ಕೊನೆಯಲ್ಲಿ, ಮುರಿದ ಕೊಂಬೆಯೊಂದರ ಕೆಳಗೆ ಸಿಕ್ಕಿದಳು. ಅವಳ ಮುಖ ಗವಿಯ ಕಡೆಗೇ ಇತ್ತು. ಮಾಳವ್ವ ಅವಳ ಕತ್ತನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಹೋಗಬೇಡ ಅಂದಿದ್ದೆನಲ್ಲೇ, ಮಂಕೇ, ಹೇಳಿದ್ದೆನಲ್ಲೇ," ಎಂದು ಬಿಕ್ಕಿದಳು. ಅವಳಿಗೆ ದುಃಖಕ್ಕಿಂತ ಕೋಪವೇ ಹೆಚ್ಚಾಗಿತ್ತು.

ಒಂದು ಕೊಂಬು ಮುರಿದುಕೊಂಡ ಕವಲಯ್ಯ ಕುಂಟುತ್ತ ಹತ್ತಿರ ಬಂದ. ಹೊನ್ನಿಯನ್ನು ಮೂಸಿ ನೋಡಿದ. ಆಮೇಲೆ ಕೇಳಿದ.

"ಇನ್ನೊಂದು ಸ್ವಲ್ಪ ಜೋರಾಗಿ ಕೂಗಬಾರದಿತ್ತಾ ಮಾಳವ್ವ?"

ಮಾಳವ್ವ ತಲೆಯೆತ್ತಿ ಅವನನ್ನು ನೋಡಿದಳು. ಕೂಗಿ ಕೂಗಿ ಅವಳ ಗಂಟಲು ಒಡೆದುಹೋಗಿತ್ತು. ಮಾತು ಪಿಸುಗುಟ್ಟಿದಂತೆ ಬಂತು.

"ಕೇಳಿಸಿತ್ತು ಕವಲಯ್ಯ. ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ಬಾಲ ಎತ್ತಿದ್ದನ್ನ ನಾನು ಮೇಲಿಂದ ನೋಡ್ದೆ."

ಅಷ್ಟರಲ್ಲಿ ಹೊನ್ನಿಯ ಮರಿ ಗವಿಯಿಂದ ಹೊರಗೆ ಬಂದು, ಅಲ್ಲಿ ಇಲ್ಲಿ ಮೂಸುತ್ತ, ಸಣ್ಣಗೆ ಕೂಗತೊಡಗಿತು.

"ಅದು ಅವ್ವನ್ನ ಹುಡುಕ್ತಿದೆ," ಎಂದಳು ಮಾಳವ್ವ. "ಅದಕ್ಕೆ ನೀನೇ ಹೋಗಿ ಹೇಳು."

ಕವಲಯ್ಯ ಮರಿಯ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲೇ ನಿಂತ. ಮರಿ ಅವನ ಕಾಲಿನ ಹತ್ತಿರ ಬಂದು, ಮುಖ ಎತ್ತಿ ಅವನನ್ನೇ ನೋಡುತ್ತಿತ್ತು.

ನೀತಿ: ಎಚ್ಚರಿಕೆಯ ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ, ಕೇಳಿದ ಕೂಡಲೇ ಎದ್ದು ಹೋಗಬೇಕು; ಅಪಾಯ ಕಣ್ಣಿಗೆ ಕಾಣಲಿ, ಉಳಿದವರು ಮೊದಲು ಹೊರಡಲಿ ಎಂದು ಕಾಯುವವರಿಗೆ ಸಮಯ ಉಳಿಯುವುದಿಲ್ಲ, ಮತ್ತು ಪರರ ಆಸರೆಗೆ ಅಡ್ಡಿ ಮಾಡಿದವನಿಗೆ ತನ್ನ ಆಸರೆಯೂ ದಕ್ಕುವುದಿಲ್ಲ.