ಮುಚ್ಚಿಟ್ಟ ಹಿಟ್ಟಿನೊಳಗಿನ ಪುಟ್ಟ ಗಾಳಿ

ಲೋಕ ಇನ್ನೂ ಹೊಸದಾಗಿತ್ತು ಮಗಾ. ಬೆಟ್ಟಗಳ ಮೈ ಹಸಿಯಾಗಿತ್ತು, ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ನಾದಿದ ಹಿಟ್ಟು ಉಬ್ಬುತ್ತಿರಲಿಲ್ಲ. ಇಟ್ಟಲ್ಲಿ ಇಟ್ಟ ಹಾಗೇ ಬಿದ್ದಿರುತ್ತಿತ್ತು. ರೊಟ್ಟಿಯೆಂದರೆ ಹಂಚಿನ ಹಾಗೆ ಗಟ್ಟಿ.

ಆ ಕಾಲದಲ್ಲಿ ಪಡುವಣ ಗಾಳಿಗೆ ಒಂದು ಪುಟ್ಟ ಮಗುವಿತ್ತು. ಒಂದು ದಿನ ಅವಳು ಅದನ್ನು ತಾಳೆಮರದ ತುದಿಯಲ್ಲಿ ಕೂರಿಸಿ, "ಕಡಲಿಗೆ ಹೋಗಿ ಮೋಡಗಳನ್ನು ಕರೆದುಕೊಂಡು ಬರ್ತೇನೆ. ಇಲ್ಲೇ ಇರು" ಎಂದು ಹೇಳಿ ಹೋದಳು.

ಪುಟ್ಟ ಗಾಳಿ ಕಾಯಿತು. ಮೋಡ ಬರಲಿಲ್ಲ, ಅಮ್ಮನೂ ಬರಲಿಲ್ಲ. ಚಳಿಗಾಲ ಬಂತು. ನಡುಗುತ್ತಾ ಅದು ಮರದಿಂದ ಇಳಿದು, ಹೊಳೆಯ ದಡದ ಒಂದು ಮನೆಯ ಬಾಗಿಲಿಗೆ ಬಂತು.

ಆ ಮನೆಗೆ ದುಗ್ಗು ಎಂಬವಳು ಹೊಸದಾಗಿ ಮದುವೆಯಾಗಿ ಬಂದಿದ್ದಳು. ಅವಳ ತವರು ಹೊಳೆಯಾಚೆ. ಗಂಡ ಮೀನಿಗೆ ಹೋದ ಮೇಲೆ ಅವಳು ಹಿಟ್ಟು ನಾದುತ್ತಾ ಆಚೆ ದಡವನ್ನೇ ನೋಡುತ್ತಿದ್ದಳು.

"ಅಕ್ಕಾ, ಒಳಗೆ ಬರ್ಲಾ? ಚಳಿ" ಎಂದಿತು ಪುಟ್ಟ ಗಾಳಿ.

"ಬಾ. ಯಾಕೆ ಒಂಟಿಯಾಗಿ ಬಂದೆ?"

"ಅಮ್ಮ ಕಡಲಿಗೆ ಹೋಗಿದ್ದಾಳೆ."

ದುಗ್ಗು ಆಚೆ ದಡದ ಕಡೆ ಕೈ ತೋರಿಸಿದಳು. "ನನ್ನಮ್ಮನೂ ದೂರ ಇದ್ದಾಳೆ" ಎಂದು, ಮಣ್ಣಿನ ಪಾತ್ರೆಯಲ್ಲಿದ್ದ ಮೆತ್ತನೆಯ ಹಿಟ್ಟಿನೊಳಗೆ ಅದನ್ನು ಮಲಗಿಸಿದಳು. ಮೇಲೆ ಮುಚ್ಚಳ ಮುಚ್ಚಿ, ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿದಳು.

ಒಳಗೆ ಬೆಚ್ಚಗಿತ್ತು. ಹೊರಗೆ ಏನೋ ಸದ್ದಾಯಿತು. ಪುಟ್ಟ ಗಾಳಿ ಹಿಟ್ಟನ್ನು ಹೊತ್ತುಕೊಂಡೇ ಎದ್ದು ಕೇಳಿತು:

"ಅಮ್ಮ ಬಂದಳಾ?"

"ಇಲ್ಲ ಮಗಾ, ನಾನು" ಎಂದಿತು ಹೊಳೆ.

ಹಿಟ್ಟು ಕುಸಿಯಿತು. ಮತ್ತೆ ಸದ್ದು. ಹಿಟ್ಟು ಮತ್ತೆ ಎದ್ದಿತು.

"ಅಮ್ಮ ಬಂದಳಾ?"

"ಇಲ್ಲ ಮಗಾ, ನಾವು" ಎಂದವು ತಾಳೆಯ ಗರಿಗಳು.

ಈ ಸಲ ಅದು ಕುಸಿಯಲಿಲ್ಲ. ಮುಚ್ಚಳಕ್ಕೆ ಕಿವಿ ತಾಗಿಸಿಕೊಂಡು ಹಾಗೇ ನಿಂತಿತು.

ಅಡುಗೆಯ ಹೊತ್ತಾಯಿತು. "ಹೊರಗೆ ಬಾ, ಪಾತ್ರೆ ಒಲೆಗೆ ಇಡಬೇಕು" ಎಂದಳು ದುಗ್ಗು.

"ಇಡು ಅಕ್ಕಾ. ಕಾವು ಸಿಕ್ಕಿದರೆ ಎತ್ತರಕ್ಕೆ ಹಾರ್ತೇನೆ. ಎತ್ತರದಿಂದ ಅಮ್ಮ ಕಾಣಬಹುದು."

ಇದು ಹೊರಟರೆ ಮತ್ತೆ ಬರುವುದೋ ಇಲ್ಲವೋ ಎಂದು ದುಗ್ಗುವಿಗೆ ಸಂಕಟವಾಯಿತು. ಆದರೂ ತಡೆಯಲಿಲ್ಲ. ತಿರುಗಿ ಬಂದರೆ ಗುರುತು ಸಿಗಲಿ ಎಂದು ಹಿಟ್ಟಿನ ಒಂದು ಚಿಕ್ಕ ಉಂಡೆ ತೆಗೆದಿಟ್ಟಳು. ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದಳು.

ಬೆಂದ ಮೇಲೆ ಮುಚ್ಚಳ ತೆಗೆದಳು. ಬಿಸಿ ಹಬೆಯ ಜೊತೆ ಪುಟ್ಟ ಗಾಳಿ ಎದ್ದು, ಅವಳ ಕೆನ್ನೆ ಸವರಿ, ಘಮಘಮಿಸುತ್ತಾ ಕಿಟಕಿಯಿಂದ ಹೊರಟುಹೋಯಿತು.

ಅದು ಹೋದದ್ದು ಮೂಡಣಕ್ಕೆ. ಸಂಜೆಗೆ ಪಡುವಣದಿಂದ ಮೋಡಗಳೊಂದಿಗೆ ಅಮ್ಮ ಬಂದಳು. ತಾಳೆಮರದ ತುದಿ ಖಾಲಿ ಕಂಡು ದುಗ್ಗುವಿನ ಬಾಗಿಲಿಗೆ ಇಳಿದಳು.

"ನನ್ನ ಮಗು ಎಲ್ಲಿ?"

"ನಿನ್ನನ್ನೇ ಹುಡುಕಿಕೊಂಡು ಮೂಡಣಕ್ಕೆ ಹೋಯಿತಮ್ಮಾ" ಎಂದು ದುಗ್ಗು ರೊಟ್ಟಿ ಮುರಿದು ತೋರಿಸಿದಳು. ಒಳಗೆಲ್ಲ ಸಣ್ಣ ಸಣ್ಣ ಗೂಡುಗಳು. ಮಗು ಮಗ್ಗುಲು ಬದಲಿಸುತ್ತಾ ಮಲಗಿದ್ದ ಜಾಗಗಳು. ಅಮ್ಮ ಒಂದೊಂದರಲ್ಲೂ ಮುಖವಿಟ್ಟು ನೋಡಿದಳು. ಅವು ಇನ್ನೂ ಬೆಚ್ಚಗಿದ್ದವು.

"ಮತ್ತೆ ಬಂದರೆ ಚಳಿಯಾಗದ ಹಾಗೆ ಮುಚ್ಚಿಡು" ಎಂದು ಹೇಳಿ ಅವಳು ಮೂಡಣಕ್ಕೆ ಓಡಿದಳು.

ಪುಟ್ಟ ಗಾಳಿ ಮರುದಿನವೇ ಬಂತು. ದುಗ್ಗು ಹೊಸ ಹಿಟ್ಟಿಗೆ ಸೇರಿಸಿದ್ದ ಆ ಉಂಡೆಯ ಗುರುತು ಹಿಡಿದು ಒಳಗೆ ಇಳಿಯಿತು. ಅಮ್ಮ ಅಷ್ಟರಲ್ಲಿ ಬೆಟ್ಟ ದಾಟಿದ್ದಳು. ದುಗ್ಗು ಆ ಹಿಟ್ಟಿನ ಒಂದು ಚೂರನ್ನು ಹೊಳೆಯಾಚೆಯ ತನ್ನ ಅಮ್ಮನಿಗೂ ದೋಣಿಯಲ್ಲಿ ಕಳಿಸಿದಳು. ಅಲ್ಲಿಂದ ಅದು ಮನೆ ಮನೆಗೆ ಹೋಯಿತು.

ಅದಕ್ಕೇ ಮಗಾ, ಹಳೇ ಹಿಟ್ಟಿನ ಹುದುಗು ಸೇರಿಸಿ ಬೆಚ್ಚಗೆ ಮುಚ್ಚಿಟ್ಟ ಹಿಟ್ಟು ಇವತ್ತೂ ಬಾಗಿಲ ಸದ್ದಿಗೆ ಕಿವಿಗೊಟ್ಟ ಹಾಗೆ ಮೆಲ್ಲಗೆ ಮೇಲೇಳುತ್ತದೆ, ಬೆಂದ ಬ್ರೆಡ್ಡಿನ ಪಾತ್ರೆಯ ಮುಚ್ಚಳ ತೆಗೆದರೆ ಅದರ ಘಮ ನಮ್ಮ ಹತ್ತಿರ ನಿಲ್ಲದೆ ಕಿಟಕಿ ದಾಟಿ ಹೋಗುತ್ತದೆ.