ಶ್ರುತಿ ತಪ್ಪಿದ ಹುಡುಗಿ

ಶಿಷ್ಯನು ಕೇಳಿದ: "ಗುರುಗಳೇ, ಬಿಡಿಗಾಸೂ ಮುಟ್ಟದೆ ಸೇವೆಗೆ ಬಂದವರನ್ನು ಅನುಮಾನದಿಂದ ನೋಡುವುದು ಸರಿಯೇ?"

"ಯಾರು ಹಾಗೆ ನೋಡಿದರು?" ಎಂದರು ಗುರುಗಳು.

ಶಿಷ್ಯನು ತನ್ನ ಊರಿನಲ್ಲಿ ಮಕ್ಕಳಿಗೆ ಡೊಳ್ಳು ಕಲಿಸುವ ಸಂಘವೊಂದನ್ನು ನಡೆಸುತ್ತಿದ್ದ. ಅಲ್ಲಿ ಸಂಬಳದವರು ಯಾರೂ ಇರಲಿಲ್ಲ. ಹಗಲೆಲ್ಲ ದುಡಿದವರು ಸಂಜೆ ತಾವಾಗಿಯೇ ಬಂದು ಕಲಿಸುತ್ತಿದ್ದರು. ಈಗ ಕೆಲವು ತಾಯಂದಿರು ಹೊಸ ಮಾತೊಂದನ್ನು ಎತ್ತಿದ್ದರು. ದೊಡ್ಡವರು ಯಾರೂ ಮಗುವಿನ ಜೊತೆ ಒಂಟಿಯಾಗಿ ಇರಬಾರದು, ಕಲಿಸುವ ಕೋಣೆಯ ಬಾಗಿಲು ತೆರೆದೇ ಇರಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಇದನ್ನು ಹೇಳುವಾಗ ಶಿಷ್ಯನ ದನಿ ಗಡುಸಾಯಿತು.

"ಇದು ಅವಮಾನ ಅಲ್ವಾ ಗುರುಗಳೇ? ನಮ್ಮಲ್ಲಿ ಎಂಥವರಿದ್ದಾರೆ ಅಂತೀರಿ! ಮೈಲಾರಿ ಅಂತ ಒಬ್ಬ ಹುಡುಗ ಇದ್ದಾನೆ. ಒಳ್ಳೇ ಕೈ. ಈಚೆಗೆ ಯಾಕೋ ತಾಳ ತಪ್ತಾನೆ, ಅವನಿಗೆ ಆಟದ ಮೇಲೇ ಮನಸ್ಸು. ನಮ್ಮ ಹಿರಿಯರೊಬ್ಬರು ದಿನಾ ಸಂಜೆ ಅವನೊಬ್ಬನನ್ನೇ ಕೂರಿಸ್ಕೊಂಡು ತಿದ್ತಾರೆ. ಅಂಥವರಿಗೆ ಬಾಗಿಲು ತೆಗೆದಿಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

ಗುರುಗಳು ಅಂಗಳದ ಬಿಸಿಲನ್ನು ನೋಡಿದರು. ಸೂರ್ಯ ಇನ್ನೂ ನೆತ್ತಿಯಿಂದ ಹೆಚ್ಚು ಇಳಿದಿರಲಿಲ್ಲ.

"ಸಂಜೆಗೆ ಇನ್ನೂ ಹೊತ್ತಿದೆ. ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಭಜನಾ ಮಂಡಳಿಯೊಂದು ಇತ್ತು. ಅದರ ಮುಂದಾಳು ಒಬ್ಬ ನೇಕಾರ. ಅವನ ಕಿವಿ ಬಹಳ ಸೂಕ್ಷ್ಮ. ಊರಿನವರೆಲ್ಲ ಸೇರಿ ಹಾಡುತ್ತಿದ್ದರೂ ಒಂದು ದನಿ ಕೂದಲೆಳೆಯಷ್ಟು ಇಳಿದರೆ ಅವನಿಗೆ ತಿಳಿಯುತ್ತಿತ್ತು. ಹಗಲು ಮಗ್ಗದಲ್ಲಿ ಕೂತು ನೇಯುತ್ತಿದ್ದ, ಸಂಜೆ ಮಂಡಳಿಯಲ್ಲಿ ಮಕ್ಕಳಿಗೆ ಪದ ಹೇಳಿಕೊಡುತ್ತಿದ್ದ.

ಆ ಮಂಡಳಿಗೆ ಹಿರಿಯರು ಹಾಕಿಕೊಟ್ಟ ಪದ್ಧತಿಯೊಂದಿತ್ತು. ಹಾಡಲು ಬಂದವರನ್ನು ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳಬಾರದು. ಒಳ್ಳೆಯ ಪದ್ಧತಿಯೇ. ಯಾರ ಜಾತಿಯನ್ನೂ ಕೇಳದೆ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕೆಂದು ಹಿರಿಯರು ಅದನ್ನು ಮಾಡಿದ್ದರು. ಆದರೆ ಕಾಲ ಕಳೆದಂತೆ, ಜಾತಿ ಕೇಳಬಾರದು ಎಂಬ ಮಾತು ಏನನ್ನೂ ಕೇಳಬಾರದು ಎಂಬಲ್ಲಿಗೆ ಬಂದು ನಿಂತಿತು. ಇನ್ನೊಂದು ಪದ್ಧತಿಯೂ ಇತ್ತು. ಶ್ರುತಿ ಹಿಡಿದ ಮೇಲೆ ಬಾಗಿಲು ಹಾಕಿದರೆ ಮಂಗಳ ಹಾಡುವವರೆಗೆ ತೆರೆಯುತ್ತಿರಲಿಲ್ಲ. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಹಾಗೆ ಮಾಡುತ್ತಿದ್ದರು. ಒಳಗಿನದು ಹೊರಗೆ ಕೇಳುವುದಿಲ್ಲ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಆ ಊರಿಗೆ ಒಬ್ಬ ವರ್ತಕ ಬಂದು ನೆಲೆಸಿದ. ಬಂದ ಕೆಲವೇ ದಿನಗಳಲ್ಲಿ ಮಂಡಳಿಗೂ ಬಂದ. ಒಡೆದ ತಾಳ ಸರಿಮಾಡಿಸಿಕೊಟ್ಟ. ಹರಿದ ಚಾಪೆ ಬದಲಾಯಿಸಿದ. ಮಕ್ಕಳಿಗೆ ಕಲ್ಲುಸಕ್ಕರೆ ತಂದುಕೊಟ್ಟ. ಕತ್ತಲಾದರೆ ತಾನೇ ಅವರನ್ನು ಮನೆಗೆ ಬಿಟ್ಟುಬರುತ್ತಿದ್ದ. ಮಂಡಳಿಯವರು ಹಿಗ್ಗಿಹೋದರು. ಹಾರ್ಮೋನಿಯಂ ಯಾರ ಮನೆಯಲ್ಲಿರಬೇಕು ಎಂದು ವಾರಗಟ್ಟಲೆ ಜಗಳವಾಡಿ ಮಾತು ಬಿಟ್ಟಿದ್ದ ಜನ ಅವರು. ಮಕ್ಕಳು ಯಾರ ಜೊತೆಯಲ್ಲಿರಬೇಕು ಎಂದು ಮಾತ್ರ ಅವರಲ್ಲಿ ಒಂದು ಮಾತೂ ಏಳಲಿಲ್ಲ.

ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಮಡಕೆ ಮಾರುವ ಹೆಂಗಸೊಬ್ಬಳ ಮಗಳು. ತಂದೆ ಇರಲಿಲ್ಲ. ಅವಳು ಬಾಯಿ ತೆರೆದರೆ ನೇಕಾರನು ಕಣ್ಣು ಮುಚ್ಚಿ ಕೂರುತ್ತಿದ್ದ. ಆ ಹುಡುಗಿಯ ದನಿ ಒಂದು ದಿನ ಶ್ರುತಿ ತಪ್ಪಿತು. ಮರುದಿನವೂ ತಪ್ಪಿತು. ಆಮೇಲೆ ದಿನವೂ ತಪ್ಪತೊಡಗಿತು. ನೇಕಾರನು ತಿದ್ದಿದ. ತಿದ್ದಿದಷ್ಟೂ ದನಿ ಇನ್ನೂ ಇಳಿಯಿತು. ಅವನು ಗದರಿಸಿದ. ಹುಡುಗಿ ತಲೆ ತಗ್ಗಿಸಿ ಲಂಗದ ಅಂಚನ್ನು ಮುದ್ದೆ ಮಾಡುತ್ತ ನಿಂತಳು.

"ಬಿಡಿ, ನಾನು ತಿದ್ತೀನಿ" ಎಂದ ವರ್ತಕ. "ವಾದ್ಯ ಇಡುವ ಕೋಣೆಯಲ್ಲಿ ಶ್ರುತಿಪೆಟ್ಟಿಗೆ ಇದೆಯಲ್ಲ. ಅಲ್ಲಿ ಕೂರಿಸ್ಕೊಂಡು ಸಮಾಧಾನವಾಗಿ ಹೇಳಿಕೊಡ್ತೀನಿ. ಮಕ್ಕಳನ್ನ ಗದರಬಾರದು."

ನೇಕಾರನಿಗೆ ನಾಚಿಕೆಯಾಯಿತು. ತನಗಿಲ್ಲದ ತಾಳ್ಮೆ ಇವನಿಗಿದೆಯಲ್ಲ ಎಂದುಕೊಂಡ. ಅವನೇ ಹುಡುಗಿಯನ್ನು ಆ ಕೋಣೆಯವರೆಗೆ ಕರೆದುಕೊಂಡು ಹೋಗಿ ಬಿಟ್ಟ. ಬಾಗಿಲು ಹಾಕಿಕೊಂಡಿತು.

ಇಲ್ಲಿ ಶಿಷ್ಯನು ತಡೆದು ಕೇಳಿದ: "ಆ ನೇಕಾರ ಕೆಟ್ಟವನೇ ಗುರುಗಳೇ?"

"ಒಳ್ಳೆಯವನು. ಅದಕ್ಕೇ ಅವನ ಕತೆ ನಿನಗೆ ಹೇಳುತ್ತಿದ್ದೇನೆ. ಸುಮ್ಮನೆ ಕೇಳು" ಎಂದು ಗುರುಗಳು ಮುಂದುವರಿಸಿದರು.

ಸ್ವಲ್ಪ ದಿನ ಕಳೆದ ಮೇಲೆ ಹುಡುಗಿಯ ತಾಯಿ ನೇಕಾರನ ಮನೆಗೆ ಬಂದಳು. ಹೊಸಿಲು ದಾಟದೆ ನಿಂತು ಹೇಳಿದಳು: "ಅಣ್ಣಾ, ಮಗಳು ಭಜನೆಗೆ ಹೋಗಲ್ಲ ಅಂತಾಳೆ. ಸಂಜೆ ಆದ್ರೆ ಹೊಟ್ಟೆನೋವು ಅಂತಾಳೆ. ಅನ್ನ ಮುಟ್ಟಲ್ಲ. ಯಾಕೆ ಅಂದ್ರೆ ಹೇಳಲ್ಲ."

"ಕಲಿಯೋ ಮಕ್ಕಳೆಲ್ಲ ಹೀಗೇ ಕಣಮ್ಮ. ಈಗ ಬಿಡಿಸಿದ್ರೆ ಅಂಥಾ ದನಿ ಹಾಳಾಗುತ್ತೆ. ಕಳಿಸು" ಎಂದ ನೇಕಾರ.

ತಾಯಿ ದೊಡ್ಡವರ ಮಾತೆಂದು ನಂಬಿದಳು. ಮಗಳ ಕೈ ಹಿಡಿದು ಮಂಡಳಿಯ ಬಾಗಿಲಿನವರೆಗೆ ತಾನೇ ತಂದು ಬಿಟ್ಟಳು.  ಕಾಯಬೇಕಾದ ಕೈಗಳೇ ಒಂದಾದ ಮೇಲೊಂದು ಅವಳನ್ನು ಆ ಕೋಣೆಗೆ ದಾಟಿಸುತ್ತಿದ್ದವು.

ಒಮ್ಮೆ ವರ್ತಕನಿಗೆ ಜ್ವರ ಬಂತು. ಆ ದಿನ ಅವನು ಮಂಡಳಿಗೆ ಬರಲಿಲ್ಲ. ಹುಡುಗಿ ಹಾಡಿದಳು. ಶ್ರುತಿ ಎಲ್ಲಿಯೂ ತಪ್ಪಲಿಲ್ಲ. ಮೊದಲಿನ ದನಿಯೇ ಮರಳಿ ಬಂದಂತಿತ್ತು.

ಅಂಥ ಸೂಕ್ಷ್ಮ ಕಿವಿಯ ನೇಕಾರ ಅದನ್ನು ಕೇಳಿದ. ಕೇಳಿ ಏನು ತಿಳಿದ ಗೊತ್ತೇ? ವರ್ತಕನ ಪಾಠ ಫಲಿಸಿತು ಎಂದು ತಿಳಿದ. ಅವನಿಗೆ ಕಣ್ಣೀರೇ ಬಂತು. ಒಂದು ತೆಂಗಿನಕಾಯಿ ತಂದು ಹುಡುಗಿಯ ಕೈಗೆ ಕೊಟ್ಟು ಹೇಳಿದ: "ಹೋಗು ಪುಟ್ಟೀ, ಅವರ ಮನೆಗೆ ಹೋಗಿ ಇದನ್ನು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಬಾ. ನಿನ್ನ ದನಿ ಉಳಿಸಿದವರು ಅವರು."

ಹುಡುಗಿ ತೆಂಗಿನಕಾಯಿಯನ್ನು ಎದೆಗೆ ಅವಚಿಕೊಂಡು ಹೊರಟಳು.

ದೀಪ ಹಚ್ಚುವ ಹೊತ್ತಾದರೂ ಅವಳು ಮನೆಗೆ ಬರಲಿಲ್ಲ. ತಾಯಿ ಹುಡುಕುತ್ತ ಬಂದಳು. ನೇಕಾರನು ವರ್ತಕನ ಮನೆಗೆ ಓಡಿದ. ಅಲ್ಲಿಗೆ ಬಂದಿರಲಿಲ್ಲ. ಊರವರು ಬಾವಿಗೆ ಇಣುಕಿದರು. ಕೆರೆಯ ದಂಡೆಗೆ ಹೋದರು. ತಾಯಿ ಹೆಸರು ಹಿಡಿದು ಕೂಗುತ್ತ ಕೂಗುತ್ತ ಗಂಟಲು ಕಟ್ಟಿ ಕೂತುಬಿಟ್ಟಳು. ವರ್ತಕನೂ ಜ್ವರದಲ್ಲೇ ಶಾಲು ಹೊದ್ದು ಹುಡುಕಲು ಬಂದ. ಎಲ್ಲರಿಗಿಂತ ಮೃದುವಾಗಿ ಅವಳ ಹೆಸರು ಕರೆಯುತ್ತಿದ್ದವನು ಅವನೇ. ಜ್ವರದಲ್ಲೂ ಎದ್ದು ಬಂದನಲ್ಲ, ಎಂಥ ಮನುಷ್ಯ ಎಂದು ಜನ ಮಾತಾಡಿಕೊಂಡರು.

ನೇಕಾರನು ಲಾಟೀನು ತರಲು ತನ್ನ ಮನೆಗೆ ಬಂದ. ವರ್ತಕನೂ ಜೊತೆಗೆ ಬಂದು ಬಾಗಿಲಲ್ಲಿ ನಿಂತ. ಅಲ್ಲಿಂದಲೇ ಇನ್ನೊಮ್ಮೆ ಕರೆದ: "ಪುಟ್ಟೀ... ಎಲ್ಲಿದ್ದೀಯಮ್ಮಾ?"

ಒಳಗೆ ಕತ್ತಲಲ್ಲಿ ಸಣ್ಣದೊಂದು ಸದ್ದಾಯಿತು. ಕಟಕಟ ಎಂದು ಮರಕ್ಕೆ ಏನೋ ತಾಗುವ ಸದ್ದು.

ನೇಕಾರನು ಕಿವಿಗೊಟ್ಟ. ಸದ್ದು ನಿಂತಿತು. ಅವನು ತಾನೇ ಹುಡುಗಿಯನ್ನು ಕರೆದ. ಸದ್ದಿಲ್ಲ. ವರ್ತಕನು ಮತ್ತೆ ಕರೆದ. ಮತ್ತೆ ಕಟಕಟ ಎಂದಿತು. ಸದ್ದು ಮಗ್ಗದ ಗುಂಡಿಯಿಂದ ಬರುತ್ತಿತ್ತು. ನೇಕಾರನು ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ ಅದು. ಅದರೊಳಗೆ ಆ ಹುಡುಗಿ ಮೈ ಮುದುಡಿ ಅಡಗಿದ್ದಳು. ವರ್ತಕನ ದನಿ ಕೇಳಿದಾಗಲೆಲ್ಲ ಅವಳ ಮೈ ನಡುಗುತ್ತಿತ್ತು. ನಡುಗಿದಾಗಲೆಲ್ಲ ಕೈಯಲ್ಲಿದ್ದ ತೆಂಗಿನಕಾಯಿ ಕಾಲಲ್ಲಿ ತುಳಿಯುವ ಹಲಗೆಗೆ ತಾಗುತ್ತಿತ್ತು.

ಆಗ ನೇಕಾರನಿಗೆ ಎಲ್ಲವೂ ಕೇಳಿಸಿತು. ತಿಂಗಳುಗಟ್ಟಲೆ ಇಳಿದ ದನಿ, ಜ್ವರದ ದಿನ ಸರಿಯಾದ ದನಿ, ಹೊಟ್ಟೆನೋವು, ತಾಯಿಯ ಮಾತು, ಎಲ್ಲವೂ.  ಹಿಂದೆ ನಿಂತಿದ್ದವನ ಉಸಿರು ತನ್ನ ಕತ್ತಿಗೇ ತಾಗುತ್ತಿದೆ ಎನ್ನಿಸಿ ಭಯವಾಯಿತು. ದೊಡ್ಡವನಾದ ತನಗೇ ಹೀಗಾದರೆ ಆ ಕೋಣೆಯಲ್ಲಿ ಅವಳಿಗೆ ಹೇಗಾಗಿರಬೇಕು ಎಂದುಕೊಂಡ.

"ನೀವು ಹೊರಗೆ ಹೋಗಿ" ಎಂದ.

"ಮಗು ನನ್ನ ಹತ್ರ ಚೆನ್ನಾಗಿ ಹೊಂದ್ಕೊಂಡಿದೆ. ನಾನೇ ಕರೆದ್ರೆ..." ಎನ್ನುತ್ತ ವರ್ತಕನು ಒಂದು ಕಾಲು ಒಳಗಿಟ್ಟ.

ನೇಕಾರನು ಅವನನ್ನು ಹೊರಕ್ಕೆ ನೂಕಿ ಊರವರನ್ನು ಕೂಗಿದ. ಅವರು ಬಂದು ವರ್ತಕನನ್ನು ಹಿಡಿದು ನಿಂತ ಮೇಲೆ ಗುಂಡಿಯ ಬಳಿ ಬಂದು ಮಂಡಿಯೂರಿದ. ಹುಡುಗಿ ತಲೆ ಎತ್ತಲಿಲ್ಲ. ಗುಂಡಿಯ ಒಳಗಿನಿಂದಲೇ ಹೇಳಿದಳು: "ಸರಿಯಾಗಿ ಹಾಡ್ತೀನಿ ಮಾಮಾ. ಇನ್ನು ಶ್ರುತಿ ತಪ್ಪಲ್ಲ. ಅವರ ಹತ್ರ ಮಾತ್ರ ಕಳಿಸಬೇಡಿ."

ಊರವರು ವರ್ತಕನನ್ನು ಪೊಲೀಸರಿಗೆ ಒಪ್ಪಿಸಿದರು. ಅವನು ಹಿಂದೆ ಇದ್ದ ಊರಿನಲ್ಲೂ ಒಂದು ಮಂಡಳಿ ಇತ್ತೆಂದು ಆಮೇಲೆ ತಿಳಿಯಿತು. ಅಲ್ಲಿಯೂ ಅವನು ಹೀಗೇ ಮಾಡಿದ್ದು ಅಲ್ಲಿಯವರಿಗೆ ಗೊತ್ತಿತ್ತು. ಮಂಡಳಿಯ ಮರ್ಯಾದೆ ಹೋದೀತೆಂದು ಅಂಜಿ, ಹಾರ ಹಾಕಿ ಬೀಳ್ಕೊಟ್ಟಿದ್ದರು. ಇವರು ಕೇಳಿದ್ದರೆ ಹೇಳುತ್ತಿದ್ದರೋ ಇಲ್ಲವೋ. ಇವರು ಕೇಳಲೇ ಇಲ್ಲ.

ನೇಕಾರನು ಮಂಡಳಿಯ ಬಾಗಿಲುಗಳನ್ನು ಕಿತ್ತು ತನ್ನ ಮನೆಯ ಅಟ್ಟಕ್ಕೆ ಹಾಕಿದ. ಅಂದಿನಿಂದ ಅಲ್ಲಿ ಯಾವ ಮಗುವೂ ದೊಡ್ಡವರೊಬ್ಬರ ಜೊತೆ ಒಂಟಿಯಾಗಿ ಕೂರಲಿಲ್ಲ. ಯಾರೇ ಸೇವೆಗೆ ಬರಲಿ, ಹಿಂದೆ ಎಲ್ಲಿದ್ದಿರಿ ಎಂದು ವಿಚಾರಿಸಿದ ಮೇಲೆಯೇ ತಾಳ ಕೈಗೆ ಕೊಡುತ್ತಿದ್ದರು. ಕೆಲವರು ಸಿಟ್ಟಾಗಿ ಬಿಟ್ಟುಹೋದರು. ನೇಕಾರನು ಅವರನ್ನು ತಿರುಗಿ ಕರೆಯಲಿಲ್ಲ. ಹೊರಗೆ ಎತ್ತಿನ ಗಾಡಿ ಹೋದರೆ ಗಡಗಡ ಸದ್ದಿಗೆ ಹಾಡು ಕೆಡುತ್ತಿತ್ತು. ಕೆಡಲಿ ಎಂದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದ ಬಿಸಿಲು ಗೋಡೆಯ ಬುಡಕ್ಕೆ ಸರಿದಿತ್ತು.

ಶಿಷ್ಯನು ಕೇಳಿದ: "ಆ ಹುಡುಗಿ ಮತ್ತೆ ಹಾಡಿದಳೇ ಗುರುಗಳೇ?"

 ಗುರುಗಳು ಅವನ ಕಣ್ಣನ್ನೇ ನೋಡುತ್ತ ಕೇಳಿದರು: "ನಿನ್ನ ಮೈಲಾರಿ, ಯಾರು ಪಕ್ಕದಲ್ಲಿದ್ದಾಗ ತಾಳ ತಪ್ಪುತ್ತಾನೆ?"

 ಇಳಿಯುತ್ತಿದ್ದ ಹೊತ್ತನ್ನು ನೋಡಿದ ಶಿಷ್ಯನು, ನಮಸ್ಕಾರ ಮಾಡುವುದನ್ನೂ ಮರೆತು, ಊರಿನ ದಾರಿ ಹಿಡಿದು ಓಡಿದ.