ತೆರಿಗೆ ತಪ್ಪಿಸಿದವನ ಛತ್ರ

"ಗುರುಗಳೇ, ಸತ್ತವರ ಆಸ್ತಿಗೂ ತೆರಿಗೆ ಹಾಕುತ್ತಾರಲ್ಲ, ಇದು ನ್ಯಾಯವೇ? ಹೋಗಲಿ, ಅದನ್ನು ವಸೂಲಿ ಮಾಡಿ ಅರಮನೆಗಾದರೂ ಏನು ಲಾಭ?" ಎಂದು ಗುರುಶಾಂತ ಕೇಳಿದ.

ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತಿ ವ್ಯಾಪಾರಿಯಾಗಿದ್ದ ಅವನ ತಂದೆ ತೀರಿಕೊಂಡು ತಿಂಗಳಾಗಿತ್ತು. ನಾಳೆ ಅರಮನೆಯ ಅಧಿಕಾರಿಗಳು ಮನೆಗೆ ಬರುವವರಿದ್ದರು. ತೆರಿಗೆಗೆಂದು ಒಂದು ಗೋದಾಮಾದರೂ ಕೈಬಿಟ್ಟು ಹೋಗುವುದು ಖಂಡಿತವಾಗಿತ್ತು.

ಗುರುಗಳು ನಕ್ಕರು. "ಕೂತುಕೋ. ಕೋಪ ಇಳಿಯುವವರೆಗೆ ಒಂದು ಕತೆ ಕೇಳು."

ಒಂದು ರಾಜ್ಯದಲ್ಲಿ ಇಂಥದೇ ಕಟ್ಟಳೆ ಇತ್ತು. ಸತ್ತವನ ಮನೆ, ಹೊಲ, ಕಸುಬಿನ ಸಾಮಾನು, ಇವನ್ನು ಯಾರೂ ಮುಟ್ಟುವಂತಿರಲಿಲ್ಲ. ಬಡವರ ಮನೆಯತ್ತ ಅಧಿಕಾರಿಗಳು ತಲೆಯೇ ಹಾಕುತ್ತಿರಲಿಲ್ಲ. ಆ ಮಿತಿ ಮೀರಿದ ಆಸ್ತಿಯಲ್ಲಿ ಮಾತ್ರ ಐದರಲ್ಲೊಂದು ಪಾಲು ಅರಮನೆಗೆ, ಮಿಕ್ಕದ್ದು ಮಕ್ಕಳಿಗೆ. ಬದುಕಿದ್ದಾಗ ಊರಿಗೆಂದು ಕೊಟ್ಟದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಲ್ಲೊಬ್ಬ ಎಣ್ಣೆ ವ್ಯಾಪಾರಿ ಇದ್ದ. ಮಹಾ ಜಿಪುಣ, ಅದಕ್ಕಿಂತ ಮಹಾ ಹಟಮಾರಿ. "ನನ್ನ ಬೆವರಿನ ದುಡ್ಡಿನಲ್ಲಿ ಒಂದು ಕಾಸೂ ಆ ರಾಜನ ಕೈ ಸೇರಕೂಡದು" ಎಂದು ಪಣ ತೊಟ್ಟ. ಮಗನ ಹೆಸರಿಗೆ ಬರೆದುಕೊಡೋಣವೆಂದರೆ, ಮರುದಿನದಿಂದ ಎಲೆಯಡಿಕೆಗೂ ಅವನ ಮುಂದೆ ಕೈಚಾಚಬೇಕಾದೀತು. ಹೂತಿಡೋಣವೆಂದರೆ ಕಳ್ಳರ ಭಯ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕೊನೆಗೆ ಮಿತಿ ಮೀರಿದ ದುಡ್ಡಿನಲ್ಲಿ ದಾರಿಹೋಕರಿಗೊಂದು ಛತ್ರ ಕಟ್ಟಿಸಿ ಊರಿಗೆ ಬಿಟ್ಟುಕೊಟ್ಟ. ಐದರಲ್ಲೊಂದು ಉಳಿಸಲು ಐದಕ್ಕೈದೂ ಕೊಟ್ಟ! ಹಟಕ್ಕೆ ಲೆಕ್ಕ ಎಲ್ಲಿ ಗೊತ್ತು? ಕೊಡುವಾಗ ಕರುಳು ಕಿತ್ತುಬಂತು. ರಾಜನ ಪೆಚ್ಚು ಮುಖ ನೆನೆದು ಸಮಾಧಾನ ಮಾಡಿಕೊಂಡ.

ವ್ಯಾಪಾರ ಮತ್ತೆ ಕೈಹಿಡಿಯಿತು. ದುಡ್ಡು ಮತ್ತೆ ಮಿತಿ ದಾಟಿತು. "ಥೂ, ಇದೊಳ್ಳೆ ಪೀಡೆ!" ಎಂದು ಬೈದುಕೊಳ್ಳುತ್ತಲೇ ಊರ ಮುಂದಿನ ಹಳ್ಳಕ್ಕೆ ಕಲ್ಲಿನ ಸೇತುವೆ ಕಟ್ಟಿಸಿದ. ಸಂತೆಗೆ ಹೋಗುವ ಹೆಂಗಸರು "ನಿನ್ನ ಹೊಟ್ಟೆ ತಣ್ಣಗಿರಲಪ್ಪಾ" ಎಂದು ಹರಸಿ ಹೋಗತೊಡಗಿದರು. ಅವನಿಗೆ ಮೊದಮೊದಲು ಮುಜುಗರವಾಯಿತು. ಆಮೇಲೆ ರುಚಿ ಹತ್ತಿತು. ದಿನವೂ ಸಂಜೆ ಸೇತುವೆಯ ಬಳಿ ಕೂತು, ನಗುನಗುತ್ತಲೇ ಮುದುಕನಾಗಿ, ಒಂದು ದಿನ ಸುಖವಾಗಿ ಸತ್ತ.

ಅಧಿಕಾರಿಗಳು ಬಂದು ಆಸ್ತಿಯನ್ನೆಲ್ಲ ಅಳೆದರು. ಮಿತಿಗಿಂತ ಹೆಚ್ಚಿಗೆ ಏನೂ ಸಿಗಲಿಲ್ಲ. ಬರಿಗೈಯಲ್ಲಿ ಮರಳಿದರು. ಮಂತ್ರಿ ಸಿಡಿಮಿಡಿಗೊಂಡ. "ಪ್ರಭು, ಎಲ್ಲ ಕಡೆಯೂ ಇದೇ ಕತೆ. ಬರುವುದಕ್ಕಿಂತ ವಸೂಲಿಯ ಖರ್ಚೇ ಹೆಚ್ಚು. ಈ ತೆರಿಗೆ ರದ್ದು ಮಾಡಿಬಿಡಿ."

ರಾಜ ಅಧಿಕಾರಿಗಳ ಕಡೆ ತಿರುಗಿದ. "ದಾರಿಯಲ್ಲಿ ಊಟಕ್ಕೇನು ಮಾಡಿದಿರಿ? ಹಳ್ಳ ತುಂಬಿತ್ತಂತೆ, ಹೇಗೆ ದಾಟಿದಿರಿ?"

"ಛತ್ರದಲ್ಲಿ ಉಂಡೆವು, ಪ್ರಭು. ಹಳ್ಳಕ್ಕೆ ಸೇತುವೆ ಇದೆ. ಎರಡೂ ಆ ಸತ್ತ ವ್ಯಾಪಾರಿ ಕಟ್ಟಿಸಿದ್ದೇ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕಟ್ಟಳೆ ಹಾಗೆಯೇ ಉಳಿಯಿತು.

ಕತೆ ಕೇಳಿ ಗುರುಶಾಂತನೂ ಗಟ್ಟಿಯಾಗಿ ನಕ್ಕುಬಿಟ್ಟ. "ಭಲೇ ಮುದುಕ! ಕೊನೆಗೂ ರಾಜನಿಗೆ ಒಂದು ಕಾಸೂ ಕೊಡದೆ ಹೋದನಲ್ಲ! ನಾಳೆ ಕೈಸುಟ್ಟುಕೊಳ್ಳುವವನು ನಾನೊಬ್ಬನೇ ನೋಡಿ, ಗುರುಗಳೇ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ನಾಳೆ ಬರುವ ಅಧಿಕಾರಿಗಳು ನಿಮ್ಮ ತಂದೆ ಕಟ್ಟಿಸಿದ ಯಾವ ಸೇತುವೆ ದಾಟಿ ಬರುತ್ತಾರೆ, ಮಗು?"